ಪದಚರ್ಚೆ: ಜಪಾನಿ ‘ಗಿರಿ’ಗೆ ಕನ್ನಡದಲ್ಲಿ ಋಣವೋ, ಹಂಗೋ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಸಿಡ್ನಿ ಪೊಲಾಕ್ ನಿರ್ದೇಶನದ ‘ದಿ ಯಕುಜಾ’ (1974) ಚಿತ್ರಕ್ಕೆ ಕನ್ನಡ ಸಬ್‌ಟೈಟಲ್ ಬರೆಯುವ ಕೆಲಸ ನಡೆದಿದೆ. ಅಮೆರಿಕದ ಹ್ಯಾರಿ ಕಿಲ್ಮರ್ (ರಾಬರ್ಟ್ ಮಿಚಮ್) ತನ್ನ ಗೆಳೆಯನ ಮಗಳನ್ನು ಜಪಾನಿನ ಗ್ಯಾಂಗೊಂದರ ಕೈಯಿಂದ ಬಿಡಿಸಲು ತನಕಾ ಕೆನ್‌ನ (ಕೆನ್ ತಕಾಕುರಾ) ನೆರವು ಕೇಳುತ್ತಾನೆ. ಯುದ್ಧ ಮುಗಿದ ಹೊಸತರಲ್ಲಿ ಕೆನ್‌ನ ಮನೆಯ ಎಯಿಕೊಳನ್ನೂ ಅವಳ ಮಗುವನ್ನೂ ಕಿಲ್ಮರ್ ಕಾಪಾಡಿದ್ದ. ಅದಕ್ಕಾಗಿ ಕೆನ್‌ನ ಮೇಲೆ ಬಿದ್ದಿರುವುದೇ ‘ಗಿರಿ’. ಇಂಗ್ಲಿಷ್ ಮಾತಿನ ನಡುವೆಯೂ ಈ ಜಪಾನಿ ಪದವನ್ನು ಹಾಗೇ ಉಳಿಸಿಕೊಂಡಿದ್ದಾರೆ. ಕರ್ತವ್ಯ, ಬಾಧ್ಯತೆ, ಕಟ್ಟುಪಾಡು, ಋಣ, ಹಂಗು ಇವುಗಳಲ್ಲಿ ಯಾವುದು ಹೊಂದುತ್ತದೆ? ಬೆರಳು ಕತ್ತರಿಸಿಕೊಳ್ಳುವ ‘ಯುಬಿತ್ಸುಮೆ’, ಗುಂಪಿನ ಯಜಮಾನನಾದ ‘ಒಯಬುನ್’ ಇವಕ್ಕೆ ಏನು ಬರೆಯಬೇಕು? ಜಾಗ ಇರುವುದು ಎರಡು ಸಾಲು, ಟಿಪ್ಪಣಿ ಹಾಕುವಂತಿಲ್ಲ.

ಉತ್ತರ 1

ಮೊದಲು ಕೈಬಿಡಬೇಕಾದವನ್ನು ಹೇಳುತ್ತೇನೆ. ‘ಬಾಧ್ಯತೆ’ ಕೋರ್ಟು, ಬ್ಯಾಂಕುಗಳ ಮಾತು. ‘ಕರ್ತವ್ಯ’ ಹುದ್ದೆಗೋ ಸ್ಥಾನಕ್ಕೋ ಅಂಟಿಕೊಂಡಿರುವಂಥದ್ದು; ಪೊಲೀಸಿನವನಿಗೆ ಕರ್ತವ್ಯ ಇರುತ್ತದೆ, ಮಗನಿಗೆ ಇರುತ್ತದೆ. ‘ಕಟ್ಟುಪಾಡು’ ಊರಿಗೆಲ್ಲ ಒಂದೇ. ಗಿರಿ ಮಾತ್ರ ಇಂಥವನಿಗೆ ಇಂಥವನ ಮೇಲೆ ಎಂದು ಇಬ್ಬರ ನಡುವೆ ನಿಲ್ಲುತ್ತದೆ.

ಉಳಿಯುವುದು ಋಣ ಮತ್ತು ಹಂಗು. ಜಪಾನಿಯಲ್ಲಿ ಪಡೆದ ಉಪಕಾರಕ್ಕೆ ‘ಒನ್’ ಎಂಬ ಬೇರೆ ಪದವೇ ಇದೆ. ಆ ಒನ್ ಪಡೆದವನ ಹೆಗಲೇರಿ, ತೀರಿಸದೆ ಇಳಿಯದ ಹೊರೆ ಗಿರಿ. ನಮ್ಮ ‘ಋಣ’ ಎರಡನ್ನೂ ಒಟ್ಟಿಗೆ ಹೇಳಿಬಿಡುತ್ತದೆ. ಜೊತೆಗೆ ಅದರಲ್ಲಿ ಅಕ್ಕರೆ ಇದೆ: ಅನ್ನದ ಋಣ, ಮಣ್ಣಿನ ಋಣ, ಋಣಾನುಬಂಧ. ನಾವು ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ.

ಕೆನ್‌ನ ಸ್ಥಿತಿ ಹಾಗಿಲ್ಲ. ಎಯಿಕೊ ಅವನ ತಂಗಿಯೆಂದು ಕಿಲ್ಮರ್ ನಂಬಿರುತ್ತಾನೆ. ಆದರೆ ಅವಳು ಕೆನ್‌ನ ಹೆಂಡತಿ, ಆ ಮಗು ಕೆನ್‌ನದೇ. ಸತ್ತನೆಂದುಕೊಂಡಿದ್ದ ಕೆನ್ ಯುದ್ಧದಿಂದ ಮರಳುವ ಹೊತ್ತಿಗೆ ಅವಳು ಕಿಲ್ಮರ್ ಜೊತೆ ಇರುತ್ತಾಳೆ. ತನ್ನ ಸಂಸಾರ ಉಳಿಸಿದವನೂ ಅವನೇ, ಸಂಸಾರ ಕೈತಪ್ಪಿದ್ದೂ ಅವನಿಂದಲೇ. ಕೊಂದು ಹಾಕಬೇಕೆನಿಸುವವನಿಗೆ ಕೆನ್ ಗಿರಿ ಸಲ್ಲಿಸಬೇಕು. ಕರುಳಿನ ಎಳೆತಕ್ಕೆ ಜಪಾನಿಯಲ್ಲಿ ‘ನಿಂಜೊ’ ಅನ್ನುತ್ತಾರೆ. ಗಿರಿ ಒಂದು ಕಡೆ, ನಿಂಜೊ ಇನ್ನೊಂದು ಕಡೆ ಎಳೆಯುವುದು 1960ರ ದಶಕದ ತೋಎಯಿ ಸ್ಟುಡಿಯೋದ ‘ನಿಂಕ್ಯೊ’ (ಮಾನವಂತ ಯಕುಜಾಗಳ ಕತೆಯ) ಚಿತ್ರಗಳ ಜೀವಾಳ. ತಕಾಕುರಾ ಹೆಸರು ಮಾಡಿದ್ದೂ ಅಲ್ಲೇ. ಈ ಚಿತ್ರದಲ್ಲಿ ಗಿರಿಯನ್ನು ಹೊರೆ ಎಂಬ ಅರ್ಥದಲ್ಲೇ ವಿವರಿಸುತ್ತಾರೆ. ಅಷ್ಟು ಕಹಿಯನ್ನು ‘ಋಣ’ ಹೊರಲಾರದು. ‘ಹಂಗು’ ಹೊರುತ್ತದೆ. ಹಂಗಿನ ಅರಮನೆಗಿಂತ ಗುಡಿಸಲೇ ಮೇಲು ಅನ್ನುವ ನಾಡಿನಲ್ಲಿ ಆ ಪದದ ಚುಚ್ಚು ಯಾರಿಗೂ ವಿವರಿಸಬೇಕಿಲ್ಲ. ‘ಹಂಗಿಸು’ ಎಂಬ ಕ್ರಿಯಾಪದ ಜೊತೆಗಿರುವುದು ಇನ್ನೊಂದು ಅನುಕೂಲ: ಕಿಲ್ಮರ್ ಎಂದೂ ಬಾಯಿಬಿಟ್ಟು ಹಂಗಿಸುವುದಿಲ್ಲ, ಅವನು ಬಾಗಿಲಲ್ಲಿ ಬಂದು ನಿಂತರೆ ಸಾಕು.

ಆದರೆ ಹಂಗು ಎಂಬುದನ್ನು ಕೆನ್‌ನ ಬಾಯಲ್ಲೇ ಹಾಕಿದರೆ ಕೆಡುತ್ತದೆ. ‘ನಾನು ನಿನ್ನ ಹಂಗಿನಲ್ಲಿದ್ದೇನೆ’ ಅನ್ನುವಾಗ ಗೊಣಗಾಟ ಕೇಳಿಸುತ್ತದೆ. ಗಿರಿ ಹೊತ್ತವನು ಗೊಣಗುವುದಿಲ್ಲ, ಅದೇ ಅವನ ಮಾನ. ಆದ್ದರಿಂದ ಮಾತಾಡುವವರು ಯಾರು ಎಂದು ನೋಡಿ ಪದ ಹಾಕಿ. ಅಮೆರಿಕನ್ನರು ಕೆನ್ ಬಗ್ಗೆ ಆಡುವಾಗ ‘ಅವನು ನಿನ್ನ ಹಂಗಿನಲ್ಲಿದ್ದಾನೆ’. ಕೆನ್ ಆಡುವಾಗ ‘ನನ್ನ ಮೇಲೆ ಋಣವಿದೆ, ತೀರಿಸಬೇಕು’. ಈ ಬಿರುಕನ್ನು ಉಳಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ಎರಡು ಸಂಸ್ಕೃತಿಗಳ ತಿಕ್ಕಾಟ ಇರುವುದೇ ಅಲ್ಲಿ. ‘ನಮ್ಮ ಋಣ ತೀರಿತು’ ಎಂದು ಮಾತ್ರ ಎಲ್ಲೂ ಬರೆಯಬೇಡಿ. ಕನ್ನಡದಲ್ಲಿ ಅದು ಸಂಬಂಧ ಮುಗಿದದ್ದಕ್ಕೆ, ಕೆಲವೊಮ್ಮೆ ಸಾವಿಗೇ ಆಡುವ ಮಾತು.

ಕಿವಿಗೆ ‘ಗಿರಿ’ ಎಂದು ಕೇಳಿಸುವ ಕಡೆ ಅದನ್ನು ಅಕ್ಷರದಲ್ಲೂ ಕೊಡಲೇಬೇಕು. ಅಪಾಯ ಏನೆಂದರೆ ಓದುಗನಿಗೆ ಮೊದಲು ಬೆಟ್ಟ ನೆನಪಾಗುತ್ತದೆ. ಗ್ಯಾಂಗಿನ ಕತೆಯಾದ್ದರಿಂದ ದಾದಾಗಿರಿ, ಗೂಂಡಾಗಿರಿಯ ‘ಗಿರಿ’ ಅಂದುಕೊಂಡರೂ ಆಶ್ಚರ್ಯವಿಲ್ಲ. ಅದು ಫಾರಸಿಯಿಂದ ಬಂದ ಪ್ರತ್ಯಯ, ಇದಕ್ಕೆ ಸಂಬಂಧವೇ ಇಲ್ಲ. ಮೊದಲ ಸಲ ‘ಗಿರಿ, ಅಂದರೆ ತೀರಿಸಲೇಬೇಕಾದ ಋಣ’ ಎಂದು ಒಂದೇ ಸಾಲಿನಲ್ಲಿ ಮುಗಿಸಿ, ಆಮೇಲೆ ಉದ್ಧರಣ ಚಿಹ್ನೆಯೊಳಗೆ ಒಂಟಿಯಾಗಿ ಬಳಸಿ. ‘ಗಿರಿಯಿಂದ’, ‘ಗಿರಿಗೆ’ ಎಂದು ವಿಭಕ್ತಿ ಅಂಟಿಸಿದ ಕೂಡಲೇ ಬೆಟ್ಟ ಮತ್ತೆ ಎದ್ದು ನಿಲ್ಲುತ್ತದೆ. ಹಾಗೆ ಬೇಕಾದಾಗ ‘ಈ ಗಿರಿ ಅನ್ನೋದಕ್ಕೆ’ ಎಂದು ಬಿಡಿಸಿ ಬರೆಯಿರಿ.

ಉತ್ತರ 2

ಮೇಲಿನ ಉತ್ತರಕ್ಕೆ ಒಂದು ಸೇರ್ಪಡೆ. ಹಳಗನ್ನಡದ ‘ಜೋಳವಾಳಿ’ ಇಲ್ಲಿಗೆ ಒಗ್ಗುತ್ತದೆ ಎಂದು ಯಾರಿಗಾದರೂ ಅನಿಸಬಹುದು. ಉಂಡ ಜೋಳಕ್ಕಾಗಿ ಒಡೆಯನ ಪರ ಪ್ರಾಣ ಕೊಡುವ ಆ ನಿಷ್ಠೆ ಕೆಳಗಿನಿಂದ ಮೇಲಕ್ಕೆ ಸಲ್ಲುವಂಥದ್ದು. ಒಯಬುನ್‌ಗೆ ಅವನ ಹುಡುಗರು ಸಲ್ಲಿಸುವ ನಿಷ್ಠೆಗೆ ಅದು ಸಮೀಪ. ಕೆನ್‌ಗೆ ಕಿಲ್ಮರ್ ಒಡೆಯನಲ್ಲ, ಹೊರಗಿನವನು. ಹಾಗಾಗಿ ಅಲ್ಲಿ ಕೂಡುವುದಿಲ್ಲ.

ಯುಬಿತ್ಸುಮೆಗೆ ‘ಬೆರಳು ಕೊಟ್ಟ’ ಎಂದು ಬರೆದರೆ ಏಕಲವ್ಯ ಬಂದುಬಿಡುತ್ತಾನೆ, ಗುರುದಕ್ಷಿಣೆಯ ಅರ್ಥ ಮೆತ್ತಿಕೊಳ್ಳುತ್ತದೆ. ‘ಬೆರಳು ಕಡಿದರು’ ಅಂದರೆ ಬೇರೆಯವರು ಕೊಟ್ಟ ಶಿಕ್ಷೆಯಾಗುತ್ತದೆ. ಇದು ತಪ್ಪು ಮಾಡಿದವನು ತಾನೇ ಮಾಡಿಕೊಳ್ಳುವ ಕ್ರಿಯೆ: ಸಾಮಾನ್ಯವಾಗಿ ಎಡಗೈ ಕಿರುಬೆರಳು, ಮೊದಲ ಗೆಣ್ಣಿನವರೆಗೆ, ಮತ್ತೆ ತಪ್ಪಾದರೆ ಮುಂದಿನ ಗೆಣ್ಣು. ತುಂಡನ್ನು ಬಟ್ಟೆಯಲ್ಲಿ ಸುತ್ತಿ ಯಾರಿಗೆ ಅನ್ಯಾಯವಾಗಿದೆಯೋ ಅವರ ಮುಂದಿಡಬೇಕು. ಕತ್ತಿಯ ಹಿಡಿ ಬಿಗಿಯಾಗಿ ನಿಲ್ಲುವುದೇ ಆ ಬೆರಳಿನಿಂದ. ಅದು ಹೋದರೆ ಹಿಡಿತ ಸಡಿಲ, ಅವನು ತನ್ನ ರಕ್ಷಣೆಗೆ ಗುಂಪನ್ನೇ ಹೆಚ್ಚು ನೆಚ್ಚಬೇಕಾಗುತ್ತದೆ. ‘ಬೆರಳು ಕತ್ತರಿಸಿ ಒಪ್ಪಿಸಿದ’ ಅನ್ನುವುದು ಸರಿ. ‘ಒಪ್ಪಿಸು’ವಿನಲ್ಲಿ ತಪ್ಪೊಪ್ಪಿಗೆಯೂ ಕೇಳಿಸುತ್ತದೆ. ಕೊನೆಯಲ್ಲಿ ಕಿಲ್ಮರ್ ತನ್ನ ಬೆರಳನ್ನು ಕೆನ್‌ನ ಮುಂದಿಡುವ ದೃಶ್ಯಕ್ಕೂ ಇದೇ ಕ್ರಿಯಾಪದ ಬಳಸಿ. ಹಂಗಿನ ದಿಕ್ಕು ತಿರುಗಿದ್ದು ಪದ ಬದಲಾಗದಿದ್ದರೆ ಮಾತ್ರ ಕಣ್ಣಿಗೆ ಬೀಳುತ್ತದೆ.

ಕೆನ್ ಗ್ಯಾಂಗು ಬಿಟ್ಟು ಕ್ಯೋಟೋದಲ್ಲಿ ಕೆಂಡೊ ಎಂಬ ಜಪಾನಿ ಕತ್ತಿವರಸೆ ಕಲಿಸುತ್ತಿರುತ್ತಾನೆ. ಇಂಥ ಬಿಡುಗಡೆಗೆ ಜಪಾನಿ ನುಡಿಗಟ್ಟು ‘ಕಾಲು ತೊಳೆದುಕೊಳ್ಳುವುದು’. ಹಾಗೇ ಇಳಿಸಿದರೆ ನಮ್ಮಲ್ಲಿ ಧಾರೆಯ ಮಂಟಪ ನೆನಪಾಗುತ್ತದೆ. ‘ಕೈ ತೊಳೆದುಕೊಂಡ’ ಎಂದರೆ ಹೊಣೆ ಜಾರಿಸಿದ ಎಂದಾಗುತ್ತದೆ. ‘ದಂಧೆ ಬಿಟ್ಟ’ ಸಾಕು. ಇದಕ್ಕೆ ಪ್ರತಿಯಾಗಿ ‘ಮುಖಕ್ಕೆ ಕೆಸರು ಬಳಿ’ ಎಂಬ ಜಪಾನಿ ಮಾತಿಗೆ ನಮ್ಮ ‘ಮುಖಕ್ಕೆ ಮಸಿ ಬಳಿ’ ಅಚ್ಚುಕಟ್ಟಾಗಿ ಹೊಂದುತ್ತದೆ.

ಒಯಬುನ್‌ನಲ್ಲಿ ‘ಒಯ’ ಅಂದರೆ ಹೆತ್ತವರು, ಅವನ ಕೈಕೆಳಗಿನವನಾದ ‘ಕೊಬುನ್’‌ನಲ್ಲಿ ‘ಕೊ’ ಅಂದರೆ ಮಗು. ಬಾಸ್ ಎಂದು ಬರೆದರೆ ಆ ನಂಟು ಅಳಿಸಿಹೋಗುತ್ತದೆ. ‘ಯಜಮಾನ’ ಎನ್ನುವಲ್ಲಿ ಮನೆತನದ ವಾಸನೆ ಸ್ವಲ್ಪ ಉಳಿಯುತ್ತದೆ. ಈ ನಂಟು ಬೆಸೆಯುವುದು ಸಾಕೆ (ಅಕ್ಕಿಯ ಮದ್ಯ) ಕುಡಿಯುವ ಬಟ್ಟಲಿನ ವಿಧಿಯಿಂದ, ಅದೇ ‘ಸಕಜುಕಿ’. ಅಣ್ಣತಮ್ಮಂದಿರ ಬಟ್ಟಲಾದರೆ ಪಾಲಿನಲ್ಲೇ ಸ್ಥಾನ ಗೊತ್ತಾಗುತ್ತದೆ: 5ಕ್ಕೆ 5 ಆದರೆ ಸಮಾನರು, 6ಕ್ಕೆ 4 ಅಥವಾ 7ಕ್ಕೆ 3 ಆದರೆ ಹೆಚ್ಚು ಪಾಲಿನವನು ಅಣ್ಣ. ಬಟ್ಟಲು ಹಿಂತಿರುಗಿಸಿದರೆ ನಂಟು ಕಡಿದಂತೆ. ‘ಅನಿಕಿ’ಗೆ ‘ಅಣ್ಣ’ ಸಲೀಸು. ಕಷ್ಟ ಇರುವುದು ‘ಒಜಿ’ ಎಂಬಲ್ಲಿ: ಜಪಾನಿಯಲ್ಲಿ ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ ಎಲ್ಲರಿಗೂ ಅದೇ ಉಚ್ಚಾರ, ಕನ್ನಡದಲ್ಲಿ ಒಂದನ್ನು ಆರಿಸಲೇಬೇಕು. ಗ್ಯಾಂಗಿನೊಳಗೆ ಅದು ಹೆಚ್ಚಾಗಿ ಒಯಬುನ್‌ನ ತಮ್ಮನ ಸ್ಥಾನದವನಿಗೆ ಸಲ್ಲುವುದರಿಂದ ‘ಚಿಕ್ಕಪ್ಪ’ ಎಂದು ಹಾಕಿ.