ಮಳೆಗಾಲದಲ್ಲಿ ಮರದ ಹಿಡಿಯ ಮಡಚು ಚಾಕು: ಹಿಡಿ ಉಬ್ಬಿ ಅಲಗು ಬಿಡಿಸಲಿಕ್ಕೇ ಬರುತ್ತಿಲ್ಲ, ಏನು ಮಾಡೋದು?

ಮೇಗರವಳ್ಳಿ ಕಡೆಯವ:

ಎಲ್ಲರಿಗೂ ನಮಸ್ಕಾರ. ನನ್ನ ಜೇಬಿನಲ್ಲಿ ಯಾವಾಗಲೂ ಒಂದು ಮಡಚು ಚಾಕು ಇರುತ್ತದೆ. ತೋಟಕ್ಕೆ ಹೊರಟರೆ ಸೊಂಟದ ಕೊಕ್ಕೆಯಲ್ಲಿ ಕತ್ತಿ ಇದ್ದೇ ಇರುತ್ತದೆ. ಆದರೆ ಮೆಣಸಿನ ಬಳ್ಳಿಗೆ ಕಟ್ಟಿದ ದಾರ ಕೊಯ್ಯಲಿಕ್ಕೆ, ಗೊಬ್ಬರದ ಚೀಲದ ಹೊಲಿಗೆ ಬಿಚ್ಚಲಿಕ್ಕೆ, ಪೇರಳೆ ಹಣ್ಣು ಹೆಚ್ಚಲಿಕ್ಕೆ ಕತ್ತಿ ಯಾಕೆ ಬೇಕು?

ಹಳೆ ಮಾದರಿಯ ಜೇಬುಚಾಕುಗಳನ್ನು ಕೂಡಿಡುವ ಹುಚ್ಚೂ ಇದೆ. ಗುಂಡಿ ಒತ್ತಿದರೆ ಚಿಮ್ಮುವಂಥವು ನನಗೆ ಬೇಡ. ಉಗುರು ಸಿಕ್ಕಿಸಿ ನಿಧಾನವಾಗಿ ಬಿಡಿಸುವಂಥದ್ದು, ಕೈಗೆ ಮರ ತಾಗುವಂಥದ್ದು ಇಷ್ಟ. ಈಗ ದಿನಾ ಬಳಸುವುದು ಒಪಿನೆಲ್ ನಂಬರ್ 8, ಕಾರ್ಬನ್ ಸ್ಟೀಲಿನದು (ಸ್ಟೇನ್‌ಲೆಸ್ ಅಲ್ಲದ, ತುಕ್ಕು ಹಿಡಿಯುವ ಉಕ್ಕು). ಫ್ರಾನ್ಸಿನ ಸವೋಯ್ ಎಂಬ ಬೆಟ್ಟದ ಸೀಮೆಯಲ್ಲಿ 1890ರಲ್ಲಿ ಜೋಸೆಫ್ ಒಪಿನೆಲ್ ಮಾಡಿದ ಚಾಕು ಇದು. ಬೀಚ್ ಮರದ ಹಿಡಿ, ಎಂಟೂವರೆ ಸೆಂಟಿಮೀಟರ್ ಅಲಗು, ಒಂದೇ ಒಂದು ಮೊಳೆ. ಅಲಗು ಮಡಚಿಕೊಳ್ಳದಂತೆ ತಡೆಯುವ ತಿರುಗುವ ಉಂಗುರವನ್ನು 1955ರಲ್ಲಿ ಸೇರಿಸಿದರು. ಬೆಟ್ಟದ ರೈತರ ಚಾಕು, ನಮಗೂ ಸರಿ ಹೊಂದುತ್ತದೆ ಅಂತ ನನ್ನ ಭಾವನೆ.

ಆದರೆ ಅವರ ಬೆಟ್ಟದಲ್ಲಿ ಆಗುಂಬೆಯ ಮಳೆ ಇಲ್ಲ, ಅಲ್ವಾ. ಇಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಜಾಸ್ತಿ ಸುರಿಯುತ್ತದೆ. ಮಳೆ ಹಿಡಿದ ಮೇಲೆ ಹಿಡಿ ಉಬ್ಬಿ ಅಲಗು ಒಳಗೇ ಕಚ್ಚಿಕೊಂಡುಬಿಡುತ್ತದೆ. ಉಗುರು ಕಿತ್ತು ಬರುವಷ್ಟು ಬಿಗಿ. ರಾತ್ರಿ ಒರೆಸಿಟ್ಟರೂ ಬೆಳಿಗ್ಗೆ ಅಲಗಿನ ಮೇಲೆ ಕೆಂಪು ಚುಕ್ಕೆ. ಇನ್ನೊಂದು, ಅಜ್ಜನ ಕವಳದ (ಎಲೆಅಡಿಕೆಯ) ಸಂಚಿಯಲ್ಲಿದ್ದ ಕೋಡಿನ ಹಿಡಿಯ ಸಣ್ಣ ಚೂರಿಯನ್ನು ಚರ್ಮದ ಚೀಲದಲ್ಲಿ ಹಾಕಿ ಪೆಟ್ಟಿಗೆಯಲ್ಲಿಟ್ಟಿದ್ದೇನೆ. ಅದಕ್ಕೂ ತುಕ್ಕು ಹತ್ತಿದೆ.

ದಯವಿಟ್ಟು ಸ್ಟೇನ್‌ಲೆಸ್ ತಗೊಳ್ಳಿ ಅಂತ ಹೇಳಬೇಡಿ. ಈ ಚಾಕುವನ್ನೇ ಮಳೆಗಾಲ ದಾಟಿಸುವ ದಾರಿ ಬೇಕು.

ಹೊಸನಗರ ತೋಟ:

ಮಾರಾಯ್ರೆ, ನಾನೂ ಇದೇ ಚಾಕು ಇಟ್ಟುಕೊಂಡವನು. ಕಚ್ಚಿಕೊಂಡ ಅಲಗನ್ನು ಉಗುರಿನಿಂದ ಎಳೆಯಬೇಡಿ. ಉಂಗುರ ಬಿಡಿಸಿ, ಹಿಡಿಯ ಹಿಂದಿನ ತುದಿಯನ್ನು ಮರದ ಮಣೆಗೋ ಮೇಜಿಗೋ ಒಮ್ಮೆ ಕುಟ್ಟಿ. ಅಲಗಿನ ಮೂತಿ ಹೊರಗೆ ಇಣುಕುತ್ತದೆ, ಆಮೇಲೆ ಬೆರಳಲ್ಲಿ ಹಿಡಿದು ಬಿಡಿಸಬಹುದು. ಸವೋಯ್‌ನ ಜನರೂ ಹೀಗೇ ಮಾಡುತ್ತಾರೆ. ಅವರ ಚಾಕುವೂ ಒದ್ದೆಯಾದರೆ ಉಬ್ಬುತ್ತದೆ.

ಕಾಯಂ ಪರಿಹಾರಕ್ಕೆ ಮರಕ್ಕೆ ಎಣ್ಣೆ ಕುಡಿಸಬೇಕು. ತೆಂಗಿನೆಣ್ಣೆ ಅಲ್ಲ, ಅದು ಒಣಗುವುದೇ ಇಲ್ಲ. ಅಗಸೆ ಎಣ್ಣೆ ಬೇಕು, ಅದು ಗಾಳಿಗೆ ಗಟ್ಟಿಯಾಗಿ ಮರದೊಳಗೇ ನಿಲ್ಲುತ್ತದೆ. ಮೊದಲು ಹಿಡಿಯನ್ನು ಬೆಚ್ಚಗಿನ ಜಾಗದಲ್ಲಿ ಚೆನ್ನಾಗಿ ಒಣಗಿಸಿ. ಒಲೆಯ ಮೇಲಿನ ಅಟ್ಟ ಸಾಕು, ಬೆಂಕಿಯ ಹತ್ತಿರ ಇಟ್ಟರೆ ಮರ ಸೀಳುತ್ತದೆ. ಒಣಗಿದ ಮೇಲೆ ತೆಳು ಪಟ್ಟಿಗೆ ಉಪ್ಪುಕಾಗದ ಸುತ್ತಿ ಅಲಗು ಕೂರುವ ಸೀಳಿನ ಒಳಗೋಡೆಯನ್ನು ಸ್ವಲ್ಪ ಉಜ್ಜಿ. ಸ್ವಲ್ಪವೇ. ಜಾಸ್ತಿ ಉಜ್ಜಿದರೆ ಬೇಸಿಗೆಯಲ್ಲಿ ಅಲಗು ಲಟಲಟ ಅಲ್ಲಾಡುತ್ತದೆ. ಆಮೇಲೆ ಸೀಳಿನ ಒಳಗೂ ಮೊಳೆಯ ಸುತ್ತಲೂ ಎಣ್ಣೆ ಹಚ್ಚಿ, ಹೀರಿಕೊಂಡಷ್ಟು ಬಿಟ್ಟು ಉಳಿದದ್ದನ್ನು ಒರೆಸಿ, ಅಲಗು ಬಿಚ್ಚಿಟ್ಟು ಒಣಗಿಸಿ. ಎರಡು ಮೂರು ಸಲ ಹೀಗೆ ಮಾಡಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಶಾಖ ಬರುತ್ತದೆ, ಮುದ್ದೆಯೊಳಗೆ ಅದು ಕೂಡಿ ತಾನಾಗಿ ಬೆಂಕಿ ಹತ್ತಿಕೊಳ್ಳಬಹುದು. ಹರಡಿ ಒಣಗಿಸಿ, ಇಲ್ಲ ನೀರಿನಲ್ಲಿ ನೆನೆಹಾಕಿ.

ಅಲಗಿನ ತುಕ್ಕಿಗೆ ನಮ್ಮ ಮನೆಯಲ್ಲೇ ಮದ್ದಿದೆ: ಚೊಗರು, ಅಂದರೆ ಅಡಿಕೆ ಬೇಯಿಸಿದ ಗಟ್ಟಿ ನೀರು. ಅಡಿಕೆ ಸುಲಿಯುವ ಮೆಟ್ಟುಗತ್ತಿ ಹೇಗೆ ಕಪ್ಪಾಗಿರುತ್ತದೆ ನೋಡಿದ್ದೀರಲ್ಲ? ಅಡಿಕೆಯ ಒಗರಿನಲ್ಲಿರುವ ಟ್ಯಾನಿನ್ ಕಬ್ಬಿಣದ ಜೊತೆ ಸೇರಿ ಆಗುವ ಕಪ್ಪು ಅದು. ಅಲಗನ್ನು ಸೋಪು ಹಾಕಿ ಜಿಡ್ಡು ಹೋಗುವಂತೆ ತೊಳೆದು, ಒರೆಸಿ, ತೆಳು ಮಾಡಿದ ಚೊಗರು ಹಚ್ಚಿ ಒಂದು ಗಂಟೆ ಬಿಡಿ. ತೊಳೆದು ಮತ್ತೆ ಹಚ್ಚಿ. ಬೂದುಗಪ್ಪು ಬಣ್ಣ ಹಿಡಿಯುತ್ತದೆ. ಚೊಗರು ಇಲ್ಲದಿದ್ದರೆ ಗಟ್ಟಿ ಟೀ ಡಿಕಾಕ್ಷನ್ ಆದೀತು. ತುಕ್ಕು ಪೂರ್ತಿ ನಿಲ್ಲುವುದಿಲ್ಲ, ಆದರೆ ಆ ಕೆಂಪು ಚುಕ್ಕೆ ಬಹಳ ಕಡಿಮೆಯಾಗುತ್ತದೆ. ಕೆಲವರಿಗೆ ಫಳಫಳ ಹೊಳೆಯುವ ಅಲಗೇ ಚೆಂದ. ನನಗೆ ಕಪ್ಪಾದದ್ದೇ ಚೆಂದ, ಕೆಲಸ ಮಾಡಿದ ಚಾಕು ಅಂತ ಗೊತ್ತಾಗುತ್ತದೆ.

ಅಜ್ಜನ ಚೂರಿಯನ್ನು ಈಗಲೇ ಚರ್ಮದ ಚೀಲದಿಂದ ಹೊರಗೆ ತೆಗೆಯಿರಿ. ಚರ್ಮ ತೇವ ಹೀರುತ್ತದೆ, ಹದ ಮಾಡುವಾಗ ಹಾಕಿದ ಉಪ್ಪೂ ಅದರಲ್ಲಿ ಉಳಿದಿರುತ್ತದೆ. ಚರ್ಮದ ಚೀಲ ಹೊತ್ತು ತಿರುಗಲಿಕ್ಕೆ ಸರಿ, ಇಟ್ಟು ಮರೆಯಲಿಕ್ಕೆ ಅಲ್ಲ. ಹೊಲಿಗೆ ಮೆಷಿನ್ ಎಣ್ಣೆ ಸವರಿ, ಹತ್ತಿ ಬಟ್ಟೆಯಲ್ಲಿ ಸುತ್ತಿ, ಆಗಾಗ ಕೈಗೆ ತೆಗೆದುಕೊಳ್ಳಿ. ನಾನು ನೋಡಿದ ಮಟ್ಟಿಗೆ ದಿನಾ ಬಳಸಿ ಒರೆಸುವ ಚಾಕುವಿಗಿಂತ ಪೆಟ್ಟಿಗೆಯಲ್ಲಿಟ್ಟದ್ದೇ ಬೇಗ ಹಾಳಾಗುತ್ತದೆ.

ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣ ಕಲಸಿದ ದ್ರಾವಣ) ಹೊಡೆಯುವ ದಿನ ಒಪಿನೆಲ್ ಮನೆಯಲ್ಲಿರಲಿ. ಮೈಲುತುತ್ತ ಅಂದರೆ ತಾಮ್ರದ ಸಲ್ಫೇಟ್, ಅದರ ನೀರು ಕಬ್ಬಿಣವನ್ನು ತಿನ್ನುತ್ತದೆ. ಹಿಂದಿನವರು ಇದನ್ನೇ ಪರೀಕ್ಷೆಗೆ ಬಳಸುತ್ತಿದ್ದರು, ನಾನು ಈಗಲೂ ಬಳಸುತ್ತೇನೆ. 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಕಲಸಿದ ಮೇಲೆ ಉಜ್ಜಿ ಹೊಳಪು ಮಾಡಿದ ಹಳೆ ಚಾಕುವನ್ನು ಸ್ವಲ್ಪ ಹೊತ್ತು ಅದ್ದಿ ತೆಗೆಯುವುದು. ಅಲಗಿನ ಮೇಲೆ ಕೆಂಪು ತಾಮ್ರ ಕೂತರೆ ಸುಣ್ಣ ಸಾಲದು ಎಂದು ಅರ್ಥ. ಹಾಗೇ ಹೊಡೆದರೆ ಕಾಯಿಗೂ ಎಲೆಗೂ ಸುಟ್ಟ ಗಾಯ. ಇನ್ನಷ್ಟು ಸುಣ್ಣದ ನೀರು ಸೇರಿಸಿ ಮತ್ತೆ ಅದ್ದಿ ನೋಡುವುದು. ಇದಕ್ಕೆ ಸ್ಟೇನ್‌ಲೆಸ್ ಚಾಕು ನಂಬಬೇಡಿ.

ಸಾಗರದ ಕುಲುಮೆ ಮನೆ:

ಮೇಲಿನವರು ಹೇಳಿದ್ದು ಸರಿ. ಒಂದೇ ಮಾತು ಸೇರಿಸುತ್ತೇನೆ. ನಮ್ಮ ಮನೆಯಲ್ಲಿ ಲಾರಿಯ ಸ್ಪ್ರಿಂಗ್ ಪ್ಲೇಟಿನಿಂದ ಕತ್ತಿ ಬಡಿಯುತ್ತಾರೆ, ಹಾಗಾಗಿ ಹದದ (ಕಾಯಿಸಿ ತಣಿಸಿ ಉಕ್ಕಿಗೆ ಕೊಡುವ ಗಟ್ಟಿತನದ) ವಿಷಯ ಗೊತ್ತು. ತುಕ್ಕು ತೆಗೆಸಲಿಕ್ಕೆ ಅಂತ ಜೇಬುಚಾಕುವನ್ನು ಕರೆಂಟಿನ ಸಾಣೆ ಚಕ್ರಕ್ಕೆ ಕೊಡಲೇಬೇಡಿ. ತೆಳು ಅಲಗು ಕ್ಷಣದಲ್ಲಿ ಕಾಯುತ್ತದೆ. ಅಂಚು ನೀಲಿ ಬಣ್ಣಕ್ಕೆ ತಿರುಗಿತು ಅಂದರೆ ಅಲ್ಲಿ ಹದ ಹೋಯಿತು, ಎಷ್ಟು ಮಸೆದರೂ ಹರಿತ ನಿಲ್ಲುವುದಿಲ್ಲ. ನೀರು ಹಾಕಿ ಕಲ್ಲಿನ ಮೇಲೆ ಕೈಯಲ್ಲೇ ಮಸೆಯಿರಿ. ತುಕ್ಕಿನ ಚುಕ್ಕೆಗೆ ಎಣ್ಣೆ ಹಾಕಿ ತೀರಾ ನಯವಾದ ಉಪ್ಪುಕಾಗದದಿಂದ ಅಲಗಿನ ಉದ್ದಕ್ಕೆ ಉಜ್ಜಿದರೆ ಸಾಕು. ಮಾವಿನ ಕಸಿ ಕಟ್ಟುವ ಚಾಕು ನಿಮ್ಮ ಹತ್ತಿರ ಇದ್ದರೆ ನೆನಪಿಡಿ, ಅದಕ್ಕೆ ಒಂದೇ ಬದಿ ಮಸೆ. ಇನ್ನೊಂದು ಬದಿ ಚಪ್ಪಟೆಯಾಗಿಯೇ ಇರಬೇಕು.

ಶಿವಮೊಗ್ಗ, ದುರ್ಗಿಗುಡಿ:

ನಾನು ವಕೀಲ. ಕೋಡಿನ ಹಿಡಿ ಅಂದದ್ದು ಓದಿ ಬರೆಯುತ್ತಿದ್ದೇನೆ. ಎಮ್ಮೆಯ ಕೋಡಾದರೆ ಚಿಂತೆ ಇಲ್ಲ. ಜಿಂಕೆ, ಕಡವೆಯದಾದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ. ಕಾಡಲ್ಲಿ ಬಿದ್ದು ಸಿಕ್ಕಿದ ಕೋಡು, ಅಜ್ಜನ ಕಾಲದ್ದು ಎಂಬ ಮಾತು ರಕ್ಷಣೆ ಕೊಡುವುದಿಲ್ಲ. ಮಾರುವುದು, ಕೊಡುವುದು ಎರಡೂ ಬೇಡ. ಮೊದಲು ಯಾವುದು ಅಂತ ನೋಡಿ.

ದಿನಾ ಜೇಬಿನಲ್ಲಿ ಇಟ್ಟುಕೊಳ್ಳುವ ಬಗ್ಗೆ: 2016ರ ಶಸ್ತ್ರಾಸ್ತ್ರ ನಿಯಮಗಳ ಪಟ್ಟಿಯಲ್ಲಿ ಬರುವುದು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗು. ಮನೆಗೆಲಸ, ಕೃಷಿ ಕೆಲಸಕ್ಕೆ ಮಾಡಿದವುಗಳನ್ನು ಅದರಿಂದ ಹೊರಗಿಟ್ಟಿದ್ದಾರೆ. ನಿಮ್ಮ ಚಾಕು ತೀರಾ ಸಣ್ಣದು. ಆದರೂ ಕೋರ್ಟಿಗೆ, ಜಾತ್ರೆ ಮೆರವಣಿಗೆಗೆ, ನಿಷೇಧಾಜ್ಞೆ ಇರುವಾಗ ಪೇಟೆಗೆ ಒಯ್ಯಬೇಡಿ. ವಿಮಾನದಲ್ಲಿ ಕೈಚೀಲದಲ್ಲಿ ಬಿಡುವುದಿಲ್ಲ, ಲಗೇಜಿಗೆ ಹಾಕಿ.

ಮೇಗರವಳ್ಳಿ ಕಡೆಯವ:

ಎಲ್ಲರಿಗೂ ಧನ್ಯವಾದ. ಕುಟ್ಟಿದ ತಕ್ಷಣ ಅಲಗು ಹೊರಗೆ ಬಂತು! ಅಜ್ಜನ ಚೂರಿಯ ಹಿಡಿ ಕಪ್ಪು, ನಯ, ತುದಿಯಲ್ಲಿ ಪದರ ಪದರ ಎದ್ದಿದೆ. ಎಮ್ಮೆ ಕೋಡೇ ಇರಬೇಕು ಅಲ್ವಾ? ಆ ಪದರ ಎದ್ದದ್ದಕ್ಕೆ ಏನು ಮಾಡಲಿ?

ಹೊಸನಗರ ತೋಟ:

ಪದರ ಏಳುವುದು ಎಮ್ಮೆ, ದನ, ಕಾಟಿಯಂಥವುಗಳ ಕೋಡಿನ ಲಕ್ಷಣ. ಜಿಂಕೆಯದಾದರೆ ಮೂಳೆಯ ಹಾಗೆ ಒರಟಾಗಿ ಗಂಟುಗಂಟಾಗಿರುತ್ತದೆ, ಕೊಯ್ದ ತುದಿಯಲ್ಲಿ ಸಣ್ಣ ಸಣ್ಣ ತೂತು ಕಾಣುತ್ತವೆ. ಕೋಡು ತೀರಾ ಒಣಗಿದರೆ ಪದರ ಬಿಡುತ್ತದೆ. ಇದನ್ನು ಒಲೆಯ ಅಟ್ಟದ ಮೇಲೆ ಮಾತ್ರ ಇಡಬೇಡಿ. ಎದ್ದ ಪದರದೊಳಗೆ ತೆಳು ಅಂಟು ಬಿಟ್ಟು, ದಾರ ಸುತ್ತಿ ಒಂದು ದಿನ ಬಿಗಿದಿಡಿ. ಆಮೇಲೆ ಎಣ್ಣೆ ತೆಳುವಾಗಿ ಸವರಿ.