ಬೋರ್ ಕೊರೆಯುವ ನಡುಕವನ್ನು ಕಾಲಿಗೆ ಮುಟ್ಟಿಸುವುದು ಹೇಗೆ?

ಕೋಲಾರದ ಹುಡುಗಿ:
ನಮಸ್ಕಾರ. ಬೋರ್‌ವೆಲ್ ಬಗ್ಗೆ ಒಂದು ಇನ್‌ಸ್ಟಲೇಶನ್ (ಜನ ಒಳಗೆ ಬಂದು ಅನುಭವಿಸುವ ಕಲಾಕೃತಿ) ಮಾಡುತ್ತಿದ್ದೇನೆ. ನಮ್ಮ ಕಡೆ ಸಾವಿರ ಅಡಿ ದಾಟಿದರೂ ನೀರು ಬೀಳದ ಬೋರ್‌ಗಳು ಎಷ್ಟೋ ಇವೆ. ಪಕ್ಕದ ತೋಟಕ್ಕೆ ರಾತ್ರಿ ಬೋರ್ ಲಾರಿ ಬಂದರೆ ಮನೆಯಲ್ಲಿ ಯಾರಿಗೂ ನಿದ್ದೆ ಇಲ್ಲ. ಚಾಪೆ ಮೇಲೆ ಮಲಗಿದ್ದರೆ ನೆಲದ ನಡುಕ ನೇರ ಬೆನ್ನಿಗೇ ಬರುತ್ತದೆ. ಅವರಿಗೆ ನೀರು ಬಿದ್ದರೆ ನಮ್ಮ ಬೋರ್ ಬತ್ತುತ್ತದೋ ಏನೋ ಅಂತ ಅಪ್ಪ ಎದ್ದು ಕೂತಿರುತ್ತಾರೆ. ನೋಡಲು ಬಂದವರಿಗೆ ಆ ನಡುಕ ತಾಗಬೇಕು. ಕಿವಿಗೆ ಕೇಳಿಸಿದರೆ ಸಾಲದು.

ಕೋಣೆ 20 ಅಡಿ ಉದ್ದ, 12 ಅಡಿ ಅಗಲ. 12 ಇಂಚಿನ ಸಬ್‌ವೂಫರ್ (ತಗ್ಗು ಸದ್ದಿನ ಸ್ಪೀಕರ್) ಬಾಡಿಗೆಗೆ ತಂದಿದ್ದೇನೆ. 28 ಹರ್ಟ್ಜ್ (ಸೆಕೆಂಡಿಗೆ 28 ಕಂಪನ) ಸುತ್ತಮುತ್ತ ಟೋನ್ ಹಾಕಿದರೆ ಎರಡೂ ತುದಿಯ ಗೋಡೆ ಹತ್ತಿರ ಎದೆ ಒತ್ತಿದ ಹಾಗಾಗುತ್ತದೆ. ನಡುವೆ ಬಂದು ನಿಂತರೆ ಏನೂ ಇಲ್ಲ. ಹೀಗ್ಯಾಕೆ? ಇನ್ನೊಂದು, 19 ಹರ್ಟ್ಜ್ ಹಾಕಿದರೆ ಜನಕ್ಕೆ ಕಾರಣವಿಲ್ಲದೆ ಭಯವಾಗುತ್ತದೆ ಅಂತ ಗೆಳೆಯನೊಬ್ಬ ಹೇಳುತ್ತಿದ್ದಾನೆ. ನಿಜವಾ?

ರಂಗದ ಹಿಂದೆ:
ನಾಟಕಗಳಿಗೆ ಸೌಂಡ್ ಮಾಡುವವನು ನಾನು. ನಿಮ್ಮ ಸಬ್‌ವೂಫರ್ ಸರಿಯಾಗಿಯೇ ಇದೆ. ಇದು ಕೋಣೆಯ ಲೆಕ್ಕ. 28 ಹರ್ಟ್ಜ್‌ನ ಒಂದು ಅಲೆ ಸುಮಾರು 40 ಅಡಿ ಉದ್ದ. ನಿಮ್ಮ ಕೋಣೆ ಸರಿಯಾಗಿ ಅದರ ಅರ್ಧ. ಹೋದ ಅಲೆ, ಗೋಡೆಗೆ ಬಡಿದು ಬಂದ ಅಲೆ ಎರಡೂ ಸೇರಿ ತುದಿಗಳಲ್ಲಿ ಒತ್ತಡ ಹೆಚ್ಚಿಸುತ್ತವೆ, ನಡುವೆ ಒಂದನ್ನೊಂದು ಕಳೆದುಹಾಕುತ್ತವೆ. ವಾಲ್ಯೂಮ್ ಏರಿಸಿದರೆ ಗೋಡೆ ಹತ್ತಿರ ಜಾಸ್ತಿಯಾಗುತ್ತದೆ, ನಡುವೆ ಹಾಗೇ ಇರುತ್ತದೆ. ಇನ್ನೂ ಕೆಳಗೆ ಇಳಿಯಲೂ ಬೇಡಿ. ಅಷ್ಟೇ ಜೋರಿರಬೇಕು ಅಂದರೆ ಹರ್ಟ್ಜ್ ಅರ್ಧಕ್ಕೆ ಇಳಿದಾಗ ಸ್ಪೀಕರ್ ಕೋನ್ ನಾಲ್ಕು ಪಟ್ಟು ದೂರ ಓಡಾಡಬೇಕು. 12 ಇಂಚಿನದು ತಡೆಯುವುದಿಲ್ಲ.

ನನ್ನ ಮಾತು ಕೇಳಿದರೆ, ಗಾಳಿಯನ್ನು ಬಿಟ್ಟುಬಿಡಿ. ನೆಲ ಅಲ್ಲಾಡಿಸಿ. ನಿಮ್ಮ ಬೆನ್ನಿಗೆ ಬಂದದ್ದೂ ನೆಲದಿಂದಲೇ ಅಲ್ವಾ? ನಾಲ್ಕು ಅಡಿ ಚೌಕದ ಒಂದು ಹಲಗೆ ಮಾಡಿಸಿ. 18 ಎಂಎಂ ಪ್ಲೈವುಡ್, ಅಡಿಯಲ್ಲಿ ರೀಪರ್, ನಾಲ್ಕೂ ಮೂಲೆಗೆ ದಪ್ಪ ರಬ್ಬರ್. ಕೆಳಗಿನಿಂದ ಬಾಸ್ ಶೇಕರ್ (ಗಾಳಿಯ ಬದಲು ಹಲಗೆಯನ್ನೇ ಅಲ್ಲಾಡಿಸುವ ಸಾಧನ) ಅನ್ನು ಸ್ಕ್ರೂ ಹಾಕಿ ಬಿಗಿ ಮಾಡಿ. ರಬ್ಬರ್ ಮರೆಯಬೇಡಿ. ಹಲಗೆ ಸೀದಾ ಕಾಂಕ್ರೀಟ್ ಮೇಲೆ ಕೂತರೆ ಅಲುಗುವುದೇ ಇಲ್ಲ. ಬಂದವರು ಚಪ್ಪಲಿ ಬಿಟ್ಟು ಹತ್ತಲಿ. ಆಗುವುದಾದರೆ ಮಲಗಲಿ.

ಬೋರ್ ಕೊರೆಯುವ ಹ್ಯಾಮರ್ ನಿಮಿಷಕ್ಕೆ ಸಾವಿರಕ್ಕೂ ಹೆಚ್ಚು ಏಟು ಹಾಕುತ್ತದೆ. 1,200 ಏಟು ಅಂತಿಟ್ಟುಕೊಂಡರೆ ಸೆಕೆಂಡಿಗೆ 20. ಆದರೆ ಬರೀ 20 ಹರ್ಟ್ಜ್ ಟೋನ್ ಹಾಕಿದರೆ ಅದು ಬೋರ್ ಅನಿಸುವುದಿಲ್ಲ. ಕಲ್ಲಿಗೆ ಬೀಳುವ ಏಟಿಗೆ ಒಂದು ಚೂಪು ಇರುತ್ತದೆ. ನಮ್ಮ ಚರ್ಮ ಕಂಪನವನ್ನು ಚೆನ್ನಾಗಿ ಹಿಡಿಯುವುದು 200-300 ಹರ್ಟ್ಜ್ ಆಸುಪಾಸಿನಲ್ಲಿ. ಪ್ರತಿ ಏಟಿಗೂ ಅದನ್ನು ಸ್ವಲ್ಪ ಬೆರೆಸಿ. ರಾಡ್ ಜೋಡಿಸುವಾಗ ಲಾರಿ ಸದ್ದು ನಿಲ್ಲಿಸುತ್ತದಲ್ಲ, ಆ ಬಿಡುವನ್ನೂ ಇಡಿ. ಒಂದೇ ಸಮ ನಡುಗುತ್ತಿದ್ದರೆ ಮೈ ಬೇಗ ಒಗ್ಗಿಹೋಗುತ್ತದೆ. ನಿಂತು ಮತ್ತೆ ಶುರುವಾದಾಗ ಹೊಸದಾಗಿ ತಾಗುತ್ತದೆ.

ಅಲೆಗಣಿತ:
19 ಹರ್ಟ್ಜ್ ಕಥೆ ಇಂಗ್ಲೆಂಡಿನದು. ವಿಕ್ ಟ್ಯಾಂಡಿ ಅನ್ನುವ ಎಂಜಿನಿಯರ್ ಕೆಲಸ ಮಾಡುತ್ತಿದ್ದ ಲ್ಯಾಬ್‌ನಲ್ಲಿ ಏನೋ ಇದೆ ಅನ್ನುವ ಭಯ. ಕಣ್ಣಂಚಿಗೆ ಬೂದು ಆಕಾರವೂ ಕಂಡಿತ್ತು. ಹುಡುಕಿದರೆ ಹೊಸ ಫ್ಯಾನ್ ಒಂದು ಸುಮಾರು 19 ಹರ್ಟ್ಜ್ ಅಲೆ ಎಬ್ಬಿಸುತ್ತಿತ್ತು. 1998ರಲ್ಲಿ ಪ್ರಕಟಿಸಿದರು. 2003ರಲ್ಲಿ ಲಂಡನ್ನಿನಲ್ಲಿ ಬೇರೆಯವರು ಒಂದು ಸಂಗೀತ ಕಛೇರಿಯ ಕೆಲವು ತುಣುಕುಗಳ ಜೊತೆ 17 ಹರ್ಟ್ಜ್ ಬೆರೆಸಿ ನೋಡಿದರು. ಕೇಳಿದವರಲ್ಲಿ ಶೇ. 22ರಷ್ಟು ಜನ ಆಗ ಕಳವಳ, ಚಳಿ ಥರದ ಅನುಭವ ಹೇಳಿದರು. ಆದರೆ 2009ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ಬರೀ ಒಂದು ಕೋಣೆಯೊಳಗೆ ಜನರನ್ನು ಬಿಟ್ಟಾಗ, ಅಲೆ ಇದ್ದರೂ ಇಲ್ಲದಿದ್ದರೂ ವ್ಯತ್ಯಾಸ ಕಾಣಲಿಲ್ಲ. ಇದನ್ನು ನಂಬಿ ಕಲಾಕೃತಿ ಕಟ್ಟಬೇಡಿ. ನಿಮ್ಮಪ್ಪನ ಭಯಕ್ಕೆ ಕಾರಣ ಹರ್ಟ್ಜ್ ಅಲ್ಲವಲ್ಲ.

ಕೈಮಾತು:
ನನ್ನ ತಮ್ಮನಿಗೆ ಕಿವಿ ಕೇಳುವುದಿಲ್ಲ. ಸೌಂಡ್ ಆರ್ಟ್ ಅಂದರೆ ನಾವು ಹೋಗುವುದೇ ಕಡಿಮೆ. ನಿಮ್ಮದಕ್ಕೆ ಖಂಡಿತ ಬರುತ್ತೇವೆ. ಅಮೆರಿಕದ ಕಲಾವಿದೆ ಲಾರಿ ಆಂಡರ್‌ಸನ್ 1978ರಲ್ಲಿ ಮಾಡಿದ ಮೇಜಿನ ಬಗ್ಗೆ ಓದಿ. ಮೊಣಕೈ ಊರಿ ಅಂಗೈಯಿಂದ ಕಿವಿ ಮುಚ್ಚಿದರೆ ಮೂಳೆಯ ಮೂಲಕ ಸಂಗೀತ ತಲೆಗೆ ಹತ್ತುತ್ತದೆ. ಕಾಫಿ ಮ್ಯಾಥ್ಯೂಸ್ ಅನ್ನುವ ಬ್ರಿಟಿಷ್ ಕಲಾವಿದೆಯ ಮಂಚವೂ ಇದೆ, ಸ್ಪೀಕರ್ ತುಂಬಿದ ಮಂಚ, ಅದರ ಮೇಲೆ ಮಲಗುವುದು. ಒಂದು ವಿನಂತಿ. ನಡುಕ ಯಾವಾಗ ಶುರುವಾಗುತ್ತದೆ ಅಂತ ಬಾಗಿಲಲ್ಲೇ ಬರೆದು ಹಾಕಿ. ಬಸುರಿಯರು, ಪೇಸ್‌ಮೇಕರ್ ಇರುವವರು ಹತ್ತುವ ಮುಂಚೆ ತಿಳಿದಿರಬೇಕು.

ಕೋಲಾರದ ಹುಡುಗಿ:
ತುಂಬಾ ಧನ್ಯವಾದ. ಮಲಗುವ ಹಲಗೆಯನ್ನೇ ಮಾಡಿಸುತ್ತೇನೆ, ಮೇಲೆ ಚಾಪೆ ಹಾಸಿ. ಬಾಗಿಲಿಗೆ ಫಲಕವೂ ಇರುತ್ತದೆ. ಸಬ್‌ವೂಫರ್ ಪೂರ್ತಿ ವಾಪಸ್ ಕೊಟ್ಟುಬಿಡಲಾ ಸರ್? ಮೇಲಿನ ಮಹಡಿಯಲ್ಲಿ ಮನೆ ಇದೆ.

ರಂಗದ ಹಿಂದೆ:
ಇಟ್ಟುಕೊಳ್ಳಿ, ಲಾರಿಯ ಕಂಪ್ರೆಸರ್ ಗೊರಗೊರಕ್ಕೆ ಬೇಕಾಗುತ್ತದೆ. ಆದರೆ 40 ಹರ್ಟ್ಜ್‌ಗಿಂತ ಕೆಳಗಿನದನ್ನು ಅದಕ್ಕೆ ಕಳಿಸಬೇಡಿ. ಶಬ್ದ ಅಳೆಯುವಾಗ ಮೀಟರನ್ನು 'ಸಿ'ಗೆ (ತಗ್ಗು ಸದ್ದನ್ನೂ ಲೆಕ್ಕಕ್ಕೆ ಹಿಡಿಯುವ ಅಳತೆಗೆ) ತಿರುಗಿಸಿ. 'ಎ'ಯಲ್ಲಿ 20 ಹರ್ಟ್ಜ್ ಸದ್ದನ್ನು ಇರುವುದಕ್ಕಿಂತ ಸುಮಾರು 50 ಡೆಸಿಬೆಲ್ ಕಡಿಮೆ ತೋರಿಸುತ್ತದೆ. ಆಮೇಲೆ ಮಹಡಿ ಮನೆಯವರ ಹತ್ತಿರ ಮೊದಲೇ ಹೋಗಿ ಮಾತಾಡಿ, ಅವರಿಗೆ ಯಾವ ಹೊತ್ತು ಬೇಡ ಅಂತ ಕೇಳಿಕೊಳ್ಳಿ.