ಮಾತು ಕಮ್ಮಿ ಇರುವವರು ಪ್ರಾರ್ಥನಾ ಕೂಟ ನಡೆಸುವುದು ಹೇಗೆ? ನಿಮ್ಮ ಅನುಭವ ಹೇಳಿ

ಪ್ರಶ್ನೆ (ತುಮಕೂರು)

ನಮ್ಮ ಸಭೆಯ ಮನೆ ಪ್ರಾರ್ಥನಾ ಕೂಟದ ಹೊಣೆಯನ್ನು ಅಯ್ಯನವರು (ಪಾಸ್ಟರ್) ನನಗೆ ಒಪ್ಪಿಸಿದ್ದಾರೆ. ನಾಲ್ಕು ಜನರ ಮುಂದೆ ನಿಂತರೆ ನನಗೆ ಬಾಯಿ ಒಣಗುತ್ತದೆ. ಬೇಡ ಅಂದವಳನ್ನು ಅವರು ಬಿಡಲಿಲ್ಲ. ನನ್ನಂಥವರು ಯಾರಾದರೂ ಕೂಟ ನಡೆಸಿದ್ದೀರಾ?

ಉತ್ತರ (ಕೋಲಾರ)

ಸಿಸ್ಟರ್, ಹೆದರಬೇಡಿ. ನಾನೂ ಮಾತು ಕಮ್ಮಿ ಇರುವವನೇ, ನಮ್ಮ ಹಳ್ಳಿಯ ಕೂಟ ನೋಡಿಕೊಳ್ಳುತ್ತಿದ್ದೇನೆ. ಕೂಟ ನಡೆಸುವವರು ಜಾಸ್ತಿ ಮಾತಾಡಬೇಕು ಅಂತ ನಾವು ಅಂದುಕೊಂಡುಬಿಡುತ್ತೇವೆ. ನನ್ನ ಪ್ರಕಾರ ಅರ್ಧ ಕೆಲಸ ಹಿಂದಿನ ದಿನವೇ ಮುಗಿದಿರಬೇಕು. ಡೈರಿಗೆ ಹಾಲು ಹಾಕಲು ಹೋದಾಗ ಸಿಕ್ಕವರಿಗೆ ಒಬ್ಬೊಬ್ಬರಿಗೇ ಹೇಳಿಬಿಡುತ್ತೇನೆ: "ನಾಳೆ ಕೀರ್ತನೆ 121 ನೀವು ಓದಿ", "ಪ್ರಾರ್ಥನೆ ನೀವು ಶುರು ಮಾಡಿ". ಒಬ್ಬರ ಹತ್ತಿರ ಮಾತಾಡುವುದು ನಮ್ಮಂಥವರಿಗೆ ಕಷ್ಟ ಏನಲ್ಲ, ಅಲ್ವಾ?

ನಮ್ಮ ಕೂಟಕ್ಕೆ ಓದು ಬಾರದ ಒಬ್ಬ ಅಜ್ಜಿ ಬರುತ್ತಾರೆ. ಸೆರಗು ತಲೆ ಮೇಲೆ ಎಳೆದುಕೊಂಡು ಬಾಗಿಲ ಪಕ್ಕದಲ್ಲೇ ಕೂರುತ್ತಿದ್ದರು. ತೆಲುಗು ಹಾಡುಗಳೆಲ್ಲ ಅವರಿಗೆ ಬಾಯಿಪಾಠ. (ನಮ್ಮ ಕಡೆ ಕನ್ನಡ, ತೆಲುಗು, ತಮಿಳು ಮೂರೂ ನಡೆಯುತ್ತವೆ.) ಒಂದು ಸಲ ಮೊದಲ ಹಾಡು ನೀವೇ ಎತ್ತಿಕೊಡಿ ಅಂದೆ. ಮೊದಲ ಸಾಲು ನಡುಗುತ್ತಲೇ ಬಂತು. ಎರಡನೇ ಸಾಲಿಗೆ ಹೆಂಗಸರೆಲ್ಲ ಚಪ್ಪಾಳೆ ತಟ್ಟುತ್ತಾ ಸೇರಿಕೊಂಡರು. ಈಗ ಅವರು ಬರುವ ತನಕ ನಾವು ಕೂಟ ಶುರು ಮಾಡುವುದಿಲ್ಲ. ಎಲ್ಲವನ್ನೂ ತಾನೇ ಮಾತಾಡುವ ಮುಂದಾಳು ಇದ್ದಿದ್ದರೆ ಆ ಅಜ್ಜಿಯ ದನಿ ನಮಗೆ ಕೇಳಿಸುತ್ತಲೇ ಇರಲಿಲ್ಲ.

ಬೈಬಲಿನಲ್ಲಿ ವಿಮೋಚನಕಾಂಡ 18 ಓದಿ. ಇಸ್ರಾಯೇಲ್ಯರ ಮುಂದಾಳು ಮೋಶೆ ಬೆಳಗಿನಿಂದ ಸಂಜೆತನಕ ಒಬ್ಬನೇ ನ್ಯಾಯ ತೀರಿಸುತ್ತಾ ಕೂತಿದ್ದನ್ನು ಅವನ ಮಾವ ನೋಡುತ್ತಾನೆ. ಸಾವಿರ, ನೂರು, ಐವತ್ತು, ಹತ್ತು ಜನರ ಮೇಲೆ ಒಬ್ಬೊಬ್ಬರನ್ನು ನೇಮಿಸು ಅನ್ನುತ್ತಾನೆ. 4ನೇ ಅಧ್ಯಾಯದಲ್ಲಿ ನನಗೆ ಮಾತು ಬರುವುದಿಲ್ಲ ಅಂತ ಹಿಂಜರಿದವನೂ ಇದೇ ಮೋಶೆ. ದೇವರು ಅವನ ಪರವಾಗಿ ಮಾತಾಡಲು ಅಣ್ಣ ಆರೋನನನ್ನು ಜೊತೆಗೆ ಕೊಟ್ಟರು, ಕೆಲಸದಿಂದ ಮಾತ್ರ ಬಿಡಿಸಲಿಲ್ಲ.

ಉತ್ತರ (ಚಿಕ್ಕಬಳ್ಳಾಪುರ)

ಬ್ರದರ್ ಹೇಳಿದ್ದು ನಿಜ. ಆದರೆ ಮಾತು ಕಮ್ಮಿ ಅಂತ ಹೇಳಲೇಬೇಕಾದ್ದನ್ನೂ ನುಂಗಿಕೊಂಡರೆ ಕೂಟ ಒಡೆಯುತ್ತದೆ. ನಮ್ಮ ಸ್ತ್ರೀಯರ ಕೂಟದಲ್ಲಿ ಕಾಣಿಕೆ ಲೆಕ್ಕದ ವಿಷಯಕ್ಕೆ ಇಬ್ಬರ ನಡುವೆ ಮನಸ್ತಾಪ ಬಂತು. ಎಲ್ಲರ ಮುಂದೆ ಎತ್ತುವ ಧೈರ್ಯ ನನಗಿರಲಿಲ್ಲ, ಸುಮ್ನೆ ಬಿಡಲು ಮನಸ್ಸೂ ಒಪ್ಪಲಿಲ್ಲ. ಲೆಕ್ಕದ ಪುಸ್ತಕ ಹಿಡಿದು ಒಬ್ಬೊಬ್ಬರ ಮನೆಗೇ ಹೋದೆ. ತಪ್ಪು ಮಾಡಿದವನ ಹತ್ತಿರ ಮೊದಲು ನೀನೊಬ್ಬನೇ ಹೋಗಿ ಮಾತಾಡು ಅಂತ ಮತ್ತಾಯ 18ರಲ್ಲಿ ಯೇಸು ಹೇಳಿದ್ದಾರಲ್ಲ, ಅದು ನಮ್ಮಂಥವರಿಗೂ ಆಗುವ ದಾರಿ. ಈಗ ಇಬ್ಬರು ಕೂತು ಕಾಣಿಕೆ ಎಣಿಸಿ, ಅಲ್ಲೇ ಬರೆದು, ಇಬ್ಬರೂ ಸಹಿ ಹಾಕುತ್ತಾರೆ. ನೀವೂ ಮೊದಲ ವಾರದಿಂದಲೇ ಹೀಗೆ ಮಾಡಿ.

ಉತ್ತರ (ತಿಪಟೂರು)

ಮೊದಲು ವಿಶ್ವಾಸಿಗಳನ್ನು ಹಿಂಸಿಸಿ, ಮುಂದೆ ದೊಡ್ಡ ಬೋಧಕ ಪೌಲನಾದ ಸೌಲನಿಗೆ ಯೇಸುವಿನ ಶಿಷ್ಯರೆಲ್ಲ ಹೆದರಿದ್ದಾಗ ಅವನನ್ನು ಕರೆದುಕೊಂಡು ಹೋಗಿ ಪರಿಚಯಿಸಿದವನು ಬಾರ್ನಬ. ಆಮೇಲೆ ತಾರ್ಸಕ್ಕೆ ಹೋಗಿ ಹುಡುಕಿ, ಅಂತಿಯೋಕ್ಯಕ್ಕೆ ಕರೆತಂದವನೂ ಅವನೇ. ನಿಮ್ಮ ಕೂಟದಲ್ಲಿ ಚೆನ್ನಾಗಿ ಮಾತಾಡುವ ಹುಡುಗರು ಇದ್ದರೆ ವಾಕ್ಯ (ಬೈಬಲ್ ಸಂದೇಶ) ಹೇಳುವುದನ್ನು ಅವರಿಗೆ ಕೊಡಿ, ಹತ್ತು ನಿಮಿಷ ಸಾಕು. ಯಾರು ಬಂದಿಲ್ಲ ಅಂತ ನೀವು ಗಮನಿಸಿ, ಮರುದಿನ ಅವರ ಮನೆಗೆ ಹೋಗಿ ಬನ್ನಿ.